ಫಿಲಿಷ್ಟಿಯಳ ಸಾಣೆಕಲ್ಲು

ಯೇನಾ, ಅಕ್ಟೋಬರ್ 12, 1791

ಬೆಳಗಿನಿಂದ ನನ್ನ ಸಾಣೆ ಅಂಗಡಿಯಲ್ಲಿ ಕತ್ತಿಗಳದ್ದೇ ಸಾಲು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರಜೆ ಮುಗಿಸಿ ಬಂದರಲ್ಲ. ಕೊಸೆಲ್ ಎಂಬ ಉದ್ದಮೂತಿಯವನು ಬಾಗಿಲಲ್ಲೇ ಕೂಗಿದ — “ಏ ಫಿಲಿಷ್ಟಿಯಳೇ, ನಂದು ಮೊದಲು ಮಸೆದ್ಕೊಡು!” ಊರಿನವರೆಲ್ಲ ಇವರಿಗೆ ಫಿಲಿಷ್ಟಿಯರು — ಬೈಬಲಿನಲ್ಲಿ ಇಸ್ರಾಯೇಲ್ಯರ ಶತ್ರುಗಳು. ದುಡ್ಡು, ಊಟ ಬಿಟ್ಟು ಬೇರೇನೂ ತಿಳಿಯದ ಮಂದಿ. ತಾವು ಮಾತ್ರ ದೇವರು ಆರಿಸಿಕೊಂಡವರು! ಕೋಟಿನ ಮೊಣಕೈ ಹರಿದಿದೆ, ಟೋಪಿಗೆ ಗರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

“ಬೈಬಲ್ ಓದಿದೀಯೇನಪ್ಪಾ? ಇಸ್ರಾಯೇಲ್ಯರು ಗುಳ, ಕೊಡಲಿ ಮಸೆಸೋಕೆ ಫಿಲಿಷ್ಟಿಯರ ಹತ್ರಾನೇ ಹೋಗ್ತಿದ್ರಂತೆ. ಸಾಲಲ್ಲಿ ನಿಂತ್ಕೋ” ಎಂದೆ.

ನಿಂತ.

ಅಕ್ಟೋಬರ್ 15

ನನ್ನ ವೆಂಡೆಲ್ ಇವತ್ತು ವಿದ್ಯಾರ್ಥಿಯಾದ. ಅವನಪ್ಪ ಬದುಕಿದ್ದರೆ ಬೀದಿಗೆಲ್ಲ ಬಿಯರ್ ಕುಡಿಸುತ್ತಿದ್ದ. ಎಷ್ಟು ಹೆಮ್ಮೆ ನನಗೆ! ಸಂಜೆ ನೋಡಿದರೆ ಸೊಂಟದಲ್ಲಿ ಕತ್ತಿ.

“ಎಲ್ರೂ ಕಟ್ಕೋತಾರಮ್ಮ. ಮಾತಿಗೆ ಮಾತು ಬೆಳೆದ್ರೆ ದ್ವಂದ್ವಯುದ್ಧ. ಬರಲ್ಲ ಅಂದವನನ್ನ ಯಾರೂ ಮಾತಾಡಿಸಲ್ಲ.”



ಅಕ್ಟೋಬರ್ 16

ತೀರ್ಮಾನ ಮಾಡಿದೆ. ವಿದ್ಯಾರ್ಥಿಗಳ ಕತ್ತಿ ಇನ್ನು ಮುಟ್ಟುವುದಿಲ್ಲ. ಅಡುಗೆ ಚಾಕು, ಕತ್ತರಿ — ಅಷ್ಟೇ. ನಾನೇ ಮಸೆದ ಕತ್ತಿ ನನ್ನ ಮಗನ ಎದೆಗೆ? ಆಗದು. ಇವರು ಕಡಿಯುವುದಿಲ್ಲ, ತಿವಿಯುತ್ತಾರೆ. ಆ ಮೊನೆ ಚೂಪು ಮಾಡಬಲ್ಲವಳು ಊರಲ್ಲಿ ನಾನೊಬ್ಬಳೇ. ನಾನು ಕೈಕಟ್ಟಿದರೆ ಎಲ್ಲರೂ ಮೊಂಡು ಕಡ್ಡಿ ಹಿಡಿದು ಕುಣಿಯಲಿ!

ಅಕ್ಟೋಬರ್ 17

ಕತ್ತಿ ಮಸೆಯಲ್ಲ ಎಂದಿದ್ದಕ್ಕೆ ಕೊಸೆಲ್ ನನ್ನ ಅಂಗಡಿಗೆ ಬಹಿಷ್ಕಾರ ಹಾಕಿದ. ವಿದ್ಯಾರ್ಥಿ ಯಾರೂ ನನ್ನ ಹೊಸ್ತಿಲು ತುಳಿಯಕೂಡದಂತೆ. ಪಕ್ಕದ ಬೇಕರಿಯ ಬಾರ್ಬೆಲ್ ಓಡಿ ಬಂದಳು.

“ಅವರನ್ನ ಯಾಕೇ ಕೆಣಕ್ತೀಯ?”

“ಎಲ್ಲಿಗೆ ಹೋಗ್ತಾರೆ ಕಣೇ? ಬರ್ತಾರೆ, ನೋಡ್ತಿರು.”

ಅಕ್ಟೋಬರ್ 24

ಬಂದಿಲ್ಲ. ಕತ್ತಿಗಳನ್ನು ಗಾಡಿಯಲ್ಲಿ ಪಕ್ಕದೂರು ವೈಮಾರ್‌ಗೆ ಕಳಿಸಿ ಮಸೆಸುತ್ತಿದ್ದಾರೆ. ಅಲ್ಲಿಯ ಕೆಲಸ ನನಗೆ ಗೊತ್ತು — ಇಲಿ ಕಡಿದ ಹಾಗಿರುತ್ತದೆ. ಆದರೂ ಚುಚ್ಚುತ್ತದೆ... ಈ ಲೆಕ್ಕ ನಾನು ಹಾಕಿರಲಿಲ್ಲ.

ಅಕ್ಟೋಬರ್ 26, ಸಂಜೆ

ವಿದ್ಯಾರ್ಥಿಗಳು ಗುಂಪು ಕಟ್ಟಿ ಬಂದರು. ಮುಂದೆ ವೆಂಡೆಲ್, ಕೈಯಲ್ಲಿ ಕಲ್ಲು. ಹೊಸಬನಿಗೆ ಇದೇ ಪರೀಕ್ಷೆ — ಫಿಲಿಷ್ಟಿಯರ ಮನೆ ಮುಂದೆ “ಹಾಳಾಗಿ ಹೋಗಲಿ” ಎಂದು ಕೂಗಿ ಕಿಟಕಿ ಒಡೆಯಬೇಕು. ಕಿಟಕಿಗಳನ್ನೆಲ್ಲ ನಾನೇ ತೆರೆದಿಟ್ಟೆ. ಗಾಜು ಯಾಕೆ ದಂಡ? ನಡುವೆ ನಿಂತು, “ಎಸಿಯಪ್ಪಾ” ಎಂದೆ.

“ಕೂಗೋ, ಫಿಲಿಷ್ಟಿಯಳ ಮಗನೇ!” ಎಂದ ಕೊಸೆಲ್.

ವೆಂಡೆಲ್ ಕಲ್ಲು ಕೆಳಗೆ ಹಾಕಿ ಅವನ ಕೆನ್ನೆಗೆ ಬಾರಿಸಿದ. ಬೀದಿಗೆಲ್ಲ ಕೇಳಿಸಿತು. ದೇವರೇ, ನನಗಾದ ಸಂತೋಷ! ಕುಣಿಯುವುದೊಂದು ಬಾಕಿ.

ಅದೇ ದಿನ, ಊಟವಾದ ಮೇಲೆ

ಆ ಏಟಿಗೆ ನಾಳೆ ಬೆಳಗ್ಗೆ ದ್ವಂದ್ವಯುದ್ಧ. ಕೊಸೆಲ್‌ನ ಕತ್ತಿ ವೈಮಾರ್‌ನಿಂದ ಮಸೆಸಿಕೊಂಡು ಬಂದಿದೆ. ವೆಂಡೆಲ್ ತನ್ನದನ್ನು ಮೇಜಿನ ಮೇಲಿಟ್ಟ. ಮೊಂಡು.

“ಹೋಗ್ಲೇಬೇಕಾ?”

“ಹೋಗ್ಲೇಬೇಕಮ್ಮ. ಮಸೆದು ಕೊಡ್ತೀಯಾ?”

ಕೊಸೆಲ್‌ಗೂ ಎಲ್ಲೋ ಒಬ್ಬ ತಾಯಿ ಇದ್ದಾಳು. ಇರಲಿ. ಕಲ್ಲಿಗೆ ನೀರು ಹಾಕಿದ್ದೇನೆ. ಕೈ ನಡುಗುತ್ತಿದೆ — ನನ್ನ ಕೈ! ನಾಲ್ಕು ಸಾಲು ಬರೆದರೆ ನಿಂತೀತೆಂದು ಕೂತೆ. ನಿಲ್ಲುತ್ತಿಲ್ಲ. ವೆಂಡೆಲ್ ನೋಡುತ್ತಿದ್ದಾನೆ. ಅವನಿಗೆ ಗೊತ್ತಾಗಬಾರ—