ದೊರೆ ಕೊಟ್ಟ ಬೆಲ್ಟು

ಉಪ್ಪಾರಪೇಟೆ, ಬೆಂಗಳೂರು
೧೪ ಅಕ್ಟೋಬರ್ ೨೦೨೪

ನನ್ನ ಮುದ್ದಿನ ಆರಾಧನಾಳಿಗೆ, ನೂರು ಕಾಲ ಬಾಳು ಎಂದು ನಿನ್ನ ಅಮ್ಮನ ಹರಕೆ.

ನಿನ್ನ ಬಲಗೈಗೆ ರಾಡ್ ಹಾಕಿದ್ದಾರೆಂದು ನಿನ್ನ ಗೆಳತಿ ರಕ್ಷಿತಾ ಫೋನಿನಲ್ಲಿ ಹೇಳಿದಳು. ಮಣ್ಣು ತಿದ್ದುವ ಕೈ, ಸೂಜಿ ಹಿಡಿಯುವ ಕೈ. ಮುರಿದವನು ನಿನ್ನ ಒಡಹುಟ್ಟಿದ ಅಣ್ಣ.

ಚಾಮರಾಜಪೇಟೆಯ ನಿನ್ನ ಪ್ರದರ್ಶನಕ್ಕೆ ನಿಮ್ಮ ತಂದೆ ಹೆಮ್ಮೆಯಿಂದಲೇ ಹೋಗಿದ್ದರು. ಮಗಳು ಬ್ರಿಟಿಷರ ಕಾಲದ ಬಗ್ಗೆ ಏನೋ ಮಾಡಿದ್ದಾಳೆಂದು ವಾಕಿಂಗ್ ಗೆಳೆಯರನ್ನೂ ಕರೆದುಕೊಂಡು ಹೋದರು. ಅಲ್ಲಿ ಕಂಡದ್ದು ಸುಟ್ಟ ಮಣ್ಣಿನ ಒಂದು ಬೆನ್ನು. ಅದರ ತುಂಬ ಬಾಸುಂಡೆ, ನಡುವೆ ಬೆಲ್ಟಿನ ಬಕಲ್ಲಿನ ಕಿರೀಟದ ಗುರುತು. ಸುತ್ತ ನನ್ನ ಧಾರೆ ಸೀರೆ. ಅದರ ಅಂಚಿನುದ್ದಕ್ಕೂ ಅದೇ ಕಿರೀಟವನ್ನು ನೀನು ಕೆಂಪು ದಾರದಲ್ಲಿ ಹೊಲಿದಿದ್ದೆ. ದಂಡಿನ ಬ್ರಿಟಿಷ್ ದೊರೆ ನಿಮ್ಮ ತಂದೆಯ ಮುತ್ತಾತನಿಗೆ ಇನಾಮು ಕೊಟ್ಟ ಬೆಲ್ಟದು. ಪ್ರತಿ ಆಯುಧಪೂಜೆಗೂ ನಾನೇ ಅದಕ್ಕೆ ಕುಂಕುಮ ಇಟ್ಟಿದ್ದೇನೆ. ಅವರಿಗೆ ಗುರುತು ಸಿಗದೆ ಇರುತ್ತದೆಯೇ?

ಮನೆಗೆ ಬಂದವರೇ, "ಯಾರ ಬೆನ್ನೇ ಅದು?" ಅಂದರು.

"ನಂದೇ ರೀ. ನಾನೇ ಅಚ್ಚು ತೆಗೆಸ್ಕೊಂಡೆ," ಅಂದೆ.

ಅವತ್ತು ನನ್ನನ್ನು ಮುಟ್ಟಲಿಲ್ಲ. "ಬಾರೋ, ನಿನ್ ತಂಗಿ ನಮ್ ಮಾನಾನ ಬೀದೀಲಿ ಇಟ್ಟಿದಾಳೆ," ಎಂದು ಶ್ರೀಹರಿಯನ್ನು ಎಬ್ಬಿಸಿಕೊಂಡು ಮತ್ತೆ ಅಲ್ಲಿಗೇ ಹೋದರು. ಬೆನ್ನನ್ನು ಒಡೆದರು, ಸೀರೆಗೆ ಬೆಂಕಿ ಇಟ್ಟರು, ಅಡ್ಡ ಬಂದ ನಿನ್ನ ಮೇಲೆ ಅವನು ಬ್ಯಾಟು ಬೀಸಿದ.

ಇವತ್ತು ಬೆಳಿಗ್ಗೆ ನಾನು ಆಸ್ಪತ್ರೆಗೆ ಹೊರಟು ನಿಂತೆ. ಶ್ರೀಹರಿ ಮನೆಯಲ್ಲಿರಲಿಲ್ಲ. ನಿಮ್ಮ ತಂದೆ ಅಡುಗೆಮನೆಯ ಬಾಗಿಲು ಹಾಕಿ, ಬೆಲ್ಟನ್ನು ಕೈಗೆ ಸುತ್ತಿಕೊಂಡು, "ತಿರುಗು. ಇನ್ನೊಂದು ಅಚ್ಚು ತೆಗೀಲಿ ಅವಳು," ಅಂದರು. ತಿರುಗಿದೆ. ಏಟು ಬಿತ್ತು. ಕಟ್ಟೆಯ ಮೇಲಿದ್ದ ಕಬ್ಬಿಣದ ಕುಟ್ಟಾಣಿ ಕೈಗೆ ಸಿಕ್ಕಿತು. ಇನ್ನೊಂದು ಏಟು ಬೀಳಲಿಲ್ಲ.

ಎಲ್ಲಾದರೂ ಹೋಗಿಬಿಡೋಣ ಎಂದು ಬಸವನಗುಡಿಯಿಂದ ಆಟೋದಲ್ಲಿ ಮೆಜೆಸ್ಟಿಕ್ಕಿಗೆ ಬಂದೆ. ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಲಾಡ್ಜಿನಲ್ಲಿ ರೂಮು ಹಿಡಿದು, ಸೀರೆ ಬದಲಿಸಿ, ಇದನ್ನು ಬರೆಯುತ್ತಿದ್ದೇನೆ. ರಕ್ಷಿತಾಳಿಗೆ ಬರಹೇಳಿದ್ದೇನೆ, ಅವಳ ಕೈಯಲ್ಲೇ ಕಳಿಸುತ್ತೇನೆ. ಬಲಗೈ ವಾಸಿಯಾಗುವವರೆಗೆ ಎಡಗೈಯಲ್ಲಿ ಕೆಲಸ ಕಲಿ. ಕೂತು ಅಳಬೇಡ.

ನಿನ್ನ ಅಮ್ಮ,
ತುಳಸಮ್ಮ

ಇನ್ನೊಂದು ಮಾತು: ಮನೆಯ ಕಡೆ ಹೋಗಬೇಡ. ನಿಮ್ಮ ತಂದೆ ಅಡುಗೆಮನೆಯಲ್ಲೇ ಇದ್ದಾರೆ, ಉಸಿರಿಲ್ಲ. ಬಿದ್ದ ತಕ್ಷಣ ಡಾಕ್ಟರನ್ನು ಕರೆದಿದ್ದರೆ ಉಳಿಯುತ್ತಿದ್ದರೇನೋ. ನೀರು ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ, ಏಳಲಿಲ್ಲ. ಈಗ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದೇನೆ, ಇದನ್ನೂ ಹೇಳುತ್ತೇನೆ.