ಮಿಠಾಯಿ ಸುಶಿ

ಚಿಜುರು,

ನೀನು ತಂದಿಟ್ಟಿದ್ದ, ಮೀನಿಟ್ಟ ಅನ್ನದ ತುತ್ತಿನ ಹಾಗೆ ಕಾಣುವ ಮಿಠಾಯಿ ಸುಶಿಯ ಪೊಟ್ಟಣವನ್ನು ನಿನ್ನ ಮಗಳು ನಾಗಿಸಾ ಇವತ್ತು ಮಧ್ಯಾಹ್ನ ಒಡೆದಳು. ಭಾನುವಾರ ಮೂವರೂ ಕೂತು ಮಾಡೋಣ ಅಂತ ಎಷ್ಟು ಸಲ ಕರೆದಿದ್ದೆ ನೀನು. "ಸಕ್ಕರೆ ಪುಡಿಗೆ ನೀರು ಕಲಸೋಕೆ ಮೂರು ಜನ ಬೇಕಾ?" ಅಂದಿದ್ದೆ ನಾನು.

ಬೇಕು ಕಣೆ. ಒಬ್ಬರು ಮಾಡುವ ವಿಧಾನದ ಹಾಳೆ ಓದಿ ಹೇಳಬೇಕು, ಒಬ್ಬರು ಬಟ್ಟಲಿನ ಗೆರೆ ಮುಟ್ಟುವಷ್ಟೇ ನೀರು ಹಾಕಬೇಕು, ಒಬ್ಬರು ಕಲಸುತ್ತಲೇ ಇರಬೇಕು. ನಾವಿಬ್ಬರೇ ಒದ್ದಾಡಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನಾಲ್ಕು ಸುಶಿ ಮಾಡಿದೆವು.

ಮೊದಲನೆಯದನ್ನು ನಾಗಿಸಾ ಊಟದ ಕಡ್ಡಿಗಳಲ್ಲಿ ಎತ್ತಿ ನನ್ನತ್ತ ಚಾಚಿದಳು. ನಾನು ಯೋಚಿಸದೆ ನನ್ನ ಕಡ್ಡಿಗಳಿಂದಲೇ ಹಿಡಿದೆ. ನೀನಿದ್ದಿದ್ದರೆ ಕೈಮೇಲೆ ಬಾರಿಸುತ್ತಿದ್ದೆ. ತಿನ್ನೋಕೆ ಕೂತಾಗ ಯಾರಾದರೂ ಹಾಗೆ ಕೊಟ್ಟು ತಗೊಳ್ಳುತ್ತಾರಾ? ಹೋದ ತಿಂಗಳು ಚಿತಾಗಾರದಲ್ಲಿ ನಾವಿಬ್ಬರೂ ನಿನ್ನ ಮೂಳೆಗಳನ್ನು ಹಾಗೆಯೇ ಕಡ್ಡಿಯಿಂದ ಕಡ್ಡಿಗೆ ದಾಟಿಸಿ ಕುಡಿಕೆ ತುಂಬಿದ್ದೆವು.

ಸುಶಿ ನನ್ನ ಕಡ್ಡಿಗಳಿಂದ ಜಾರತೊಡಗಿತು. ಅವಳು ಹೆದರಲಿಲ್ಲ. ಹಿಡಿತ ಬಿಡಲೂ ಇಲ್ಲ.

"ಗಟ್ಟಿಯಾಗಿ ಹಿಡ್ಕೋ ಅಪ್ಪ," ಅಂದಳು. "ಆವತ್ತು ಅಮ್ಮನ್ನ ಬೀಳಿಸ್ಬಿಟ್ಟೆಯಲ್ಲ."