ಹರಳೆಣ್ಣೆ ತೇಲದ್ದಕ್ಕೆ ನೀನು ಹಿತ್ತಲಿಗೆ

ಅವ್ವಾ,

ಇದು ನಿನ್ನ ಕ್ಷೇಮ ಕೇಳಲು ಬರೆದ ಕಾಗದವಲ್ಲ. ನೀನಿರುವ ಕಡೆ ಒಲೆಯೂ ಇಲ್ಲ, ಒಲೆಯ ಪಕ್ಕದಿಂದ ಎಬ್ಬಿಸುವವರೂ ಇಲ್ಲ, ಕ್ಷೇಮವಾಗಿಯೇ ಇರುತ್ತೀಯ. ಸಿಟ್ಟು ಬಂದಿರುವುದು ನನಗೆ.

ಮಿಡಿಗೇಶಿಯ ಮನೆಯಲ್ಲಿ ಚಿಕ್ಕಮ್ಮನ ಮೊದಲ ಬಾಣಂತನ ನೆನಪಿದೆಯಾ? ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಕೂಸಿನ ನೆತ್ತಿಗೆ ಒತ್ತಲು ಅಜ್ಜಿ, ಅದೇ ನಿನ್ನ ಅತ್ತೆ, ಹರಳೆಣ್ಣೆ ತೆಗೆಯಲು ಕೂತಳು. ಎಣ್ಣೆ ಕಪ್ಪಾದರೆ ಕೂಸೂ ಕಪ್ಪಾಗುತ್ತದೆ ಎಂಬುದು ಅವಳ ಸಿದ್ಧಾಂತ. ಹಾಗಾಗಿ ಹರಳನ್ನು ಹುರಿದ ಶಾಸ್ತ್ರ ಮಾಡಿ ಇಳಿಸಿದಳು. ಕುಟ್ಟಿ, ನೀರಿಗೆ ಹಾಕಿ, ಸರಿಯಾಗಿ ಕುದಿ ಬರುವ ಮೊದಲೇ ಸೌಟು ಹಿಡಿದು ನಿಂತಳು. ಮೇಲೆ ಬಂದದ್ದು ಹಾಲಿನಂಥ ಬಿಳಿ ನೊರೆ. ಎಣ್ಣೆಯ ಸುಳಿವಿಲ್ಲ. ಅಷ್ಟರಲ್ಲಿ ನೀನು ಬಿಂದಿಗೆ ಹಿಡಿದು ಆ ಕಡೆ ಹಾದೆ ನೋಡು...

"ಮುಂಡೆ ಕಣ್ಣು ಬಿತ್ತು! ಇನ್ನೆಲ್ಲಿ ಎಣ್ಣೆ ಎದ್ದಾತು? ಒಲೆ ತಾವ ಬರಬ್ಯಾಡ ಅಂದಿರ್ಲಿಲ್ವೇನೆ?"

ಅಂದಿನಿಂದ ಆ ಮನೆಯಲ್ಲಿ ಹರಳು ಹುರಿದಾಗಲೆಲ್ಲ ನಿನಗೆ ಹಿತ್ತಲು. ಕುಟ್ಟುವುದಕ್ಕೆ ನೀನು ಬೇಕು, ಸೌದೆ ತರುವುದಕ್ಕೆ ನೀನು ಬೇಕು, ನೀರು ಕಾದ ಮೇಲೆ ಬೇಡ. ಎಣ್ಣೆ ತೇಲಿದರೆ ದೇವರ ದಯೆ, ತೇಲದಿದ್ದರೆ ಮುಂಡೆಯ ಛಾಯೆ! ಪ್ರಾಸ ನಾನೇ ಕಟ್ಟಿದ್ದು. ಪ್ರಾಸವೊಂದನ್ನು ಬಿಟ್ಟರೆ ಅದರಲ್ಲಿ ಇನ್ನೇನೂ ಚೆನ್ನಾಗಿಲ್ಲ.

ಮಧುಗಿರಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಬೀಜದ ಪಾಠ ಮಾಡಲು ಈಚೆಗೆ ಓದುತ್ತಾ ಕೂತಿದ್ದೆ. ಬೀಜದೊಳಗೆ ಎಣ್ಣೆ ಕೊಳದ ಹಾಗೆ ನಿಂತಿರುವುದಿಲ್ಲವಂತೆ ಅವ್ವಾ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು. ಹನಿ ಹನಿಗೂ ಒಂದು ತೆಳು ಹೊದಿಕೆ. ಹನಿಗಳು ಒಂದಕ್ಕೊಂದು ಅಂಟದಂತೆ, ಮೊಳಕೆ ಒಡೆಯುವವರೆಗೆ ಎಣ್ಣೆ ಜೋಪಾನವಾಗಿರುವಂತೆ ನೋಡಿಕೊಳ್ಳುವುದು ಆ ಹೊದಿಕೆಯಲ್ಲಿರುವ ಓಲಿಯೋಸಿನ್ ಎಂಬ ಪ್ರೋಟೀನು. ಬರೀ ಕುಟ್ಟಿ ನೀರಿಗೆ ಹಾಕಿದರೆ ಹನಿಗಳು ಹೊದಿಕೆಸಮೇತ ತೇಲಾಡಿ ನೀರು ಹಾಲಾಗುತ್ತದೆ. ಚೆನ್ನಾಗಿ ಹುರಿದು, ಬಹಳ ಹೊತ್ತು ಕುದಿಸಿದರೆ ಹೊದಿಕೆ ಕೆಡುತ್ತದೆ. ಹನಿಗಳು ಕೂಡಿ ಎಣ್ಣೆ ಮೇಲೇಳುತ್ತದೆ. ಓದಿ ಪುಸ್ತಕ ಮುಚ್ಚಿದೆ. ಅಜ್ಜಿ ಹಸಿಬಿಸಿ ಹುರಿದ ತಪ್ಪಿಗೆ ನೀನು ಎಷ್ಟು ವರ್ಷ ಹಿತ್ತಲಲ್ಲಿ... ಅದಕ್ಕಿಂತ ಉರಿಯುವುದು ಇನ್ನೊಂದು. ನೀನು ಕೆಟ್ಟವಳಲ್ಲ ಎನ್ನುವುದಕ್ಕೆ ಒಂದು ಪ್ರೋಟೀನು ಬಂದು ಸಾಕ್ಷಿ ಹೇಳಬೇಕಿತ್ತೇ? ಮನುಷ್ಯರು ಸಾಲದೆ ಹೋದರೇ?

ಹೋದ ಭಾನುವಾರ ಮಿಡಿಗೇಶಿಗೆ ಹೋಗಿದ್ದೆ. ಚಿಕ್ಕಮ್ಮನ ಮಗಳು ರೂಪಾ ಹೆತ್ತು ತವರಿಗೆ ಬಂದಿದ್ದಾಳೆ. ಅಂಗಳದ ಒಲೆಯ ಮೇಲೆ ನೀರು ಕಾಯುತ್ತಿತ್ತು. ಚಿಕ್ಕಮ್ಮನ ಸೊಸೆ ಸುಧಾ ಹರಳು ಕುಟ್ಟಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು. ಗಂಡ ತೀರಿಕೊಂಡಾಗಿನಿಂದ ಆ ಹುಡುಗಿ ಮಾತೇ ಕಡಿಮೆ ಮಾಡಿದ್ದಾಳೆ.

"ಸುಧಾ, ನೀನು ಹಿತ್ತಲಾಗೆ ಕುತ್ಕೊಳವ್ವ. ಎಣ್ಣೆ ಎದ್ದ ಮ್ಯಾಲೆ ಕರೀತೀನಿ" ಅಂದಳು ಚಿಕ್ಕಮ್ಮ.

"ಯಾಕೆ ಚಿಕ್ಕಮ್ಮ?" ಅಂದೆ ನಾನು.

"ಇಂಗೆ ಕೇಳ್ತೀಯಲ್ಲೇ! ನಿಮ್ಮವ್ವ ಕುತ್ಕಂತಿರಲಿಲ್ವಾ? ಒಂದಿನಾನೂ ತುಟಿ ಬಿಚ್ಚಲಿಲ್ಲ, ಅಂಥಾ ಹೆಂಗಸು ಕಣಮ್ಮ ಅವಳು."

ನಿನ್ನ ಮೌನ ಅವಳಿಗೆ ಸರ್ಟಿಫಿಕೇಟು ಆಗಿದೆ ನೋಡು! ನನಗೆ ಮೈಯೆಲ್ಲ ಉರಿದುಹೋಯಿತು.

"ಹರಳಿಗೆ ಕಣ್ಣಿಲ್ಲ ಚಿಕ್ಕಮ್ಮ. ಇದ್ದಿದ್ರೆ ಮೊದ್ಲು ನಿನ್ನ ನೋಡಿ ಹೆದರ್ಕಂತಿತ್ತು" ಅಂದೆ. ಹುರಿಯದ ಹರಳು ಒಂದು ಹಿಡಿ ತೆಗೆದು, ಸಿಪ್ಪೆ ಸುಲಿದು, ಜಜ್ಜಿ, ಬೋಗುಣಿಯ ಉಗುರುಬೆಚ್ಚನೆ ನೀರಿಗೆ ಹಾಕಿ ಅವಳ ಮುಂದಿಟ್ಟೆ. "ನೀನು ಮುತ್ತೈದೆ. ನಿನ್ನ ಕೈಯಾರೆ ಕಲಸು. ಎಣ್ಣೆ ಎಬ್ಬಿಸು ನೋಡೋಣ."

ಕಲಸಿದಳು. ಹಾಲಾಯಿತು. ಇನ್ನೂ ಕಲಸಿದಳು. ಇನ್ನೂ ಹಾಲಾಯಿತು. ಬಾಗಿಲಲ್ಲಿ ನಿಂತಿದ್ದ ರೂಪಾ ಮುಖ ಆ ಕಡೆ ಮಾಡಿ ನಕ್ಕಳು.

ಕೆಂಪಗೆ ಹುರಿದು ಕುಟ್ಟಿದ್ದ ಹರಳನ್ನು ನಾನು ಸುಧಾಳ ಕೈಗೆ ಕೊಟ್ಟೆ. ಅವಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಪಾತ್ರೆಗೆ ಸುರಿದಳು. ಉರಿ ಒಟ್ಟಿದಳು, ಕದಡಿದಳು, ಕಾದಳು. ಕುದಿದು ಕುದಿದು ಎಣ್ಣೆ ಮೇಲೆ ಬಂದು ಹರಡಿತು.

"ಕಾಲ ಕೆಟ್ಟೋಯ್ತು, ಬುಡು. ಎಣ್ಣೆಗೂ ಮಾನ ಮರ್ಯಾದೆ ಇಲ್ಲ" ಎಂದು ಚಿಕ್ಕಮ್ಮ ಗೊಣಗಿದಳು. ಅವಳು ಬದಲಾದಳು ಎಂದು ನಿನಗೆ ಸುಳ್ಳು ಬರೆಯಲಾರೆ.

ಆದರೆ ಸಂಜೆಯ ಸುದ್ದಿ ಕೇಳು. ಎಣ್ಣೆ ಆರಿತ್ತು. ಮೊದಲ ಎಣ್ಣೆ ಒತ್ತಲು ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ರೂಪಾ ಕೂಸನ್ನು ಅವಳಿಗೆ ಕೊಡದೆ ಸುಧಾಳ ಮಡಿಲಿಗೆ ಹಾಕಿದಳು. "ಅತ್ತಿಗೆ, ನೆತ್ತಿಗೆ ನೀನೇ ಒತ್ತು."

"ಲೇ ರೂಪಾ, ನಿಂಗೇನು..."

"ಅಮ್ಮಾ, ಕೂಸು ನಂದು."

ಸುಧಾ ಒತ್ತಿದಳು ಅವ್ವಾ. ನಡುಮನೆಯಲ್ಲಿ, ಎಲ್ಲರೆದುರಿಗೆ, ಅಂಗೈ ತುಂಬಾ.